ಅರವತ್ತು ರಟ್ಟಿನ ಹೊದಿಕೆಗಳು

ಯೂಸ್ಟೇಸ್ ಮೂವತ್ತೊಂದು ವರ್ಷಗಳಿಂದ ಮಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಹಾಡುಗಳ ಬಗ್ಗೆ ಬರೆಯುತ್ತಿದ್ದರು. ಕೊಂಕಣಿ ಕ್ಯಾಸೆಟ್ಟುಗಳ ಕಾಲದಲ್ಲಿ ಶುರುವಾದ ಅಂಕಣ ಅದು. ಅರ್ಧ ಹಾಡಿಗೆ, ಅರ್ಧ ಕ್ಯಾಸೆಟ್ಟಿನ ಹೊದಿಕೆಗೆ ಎಂಬುದು ಅವರ ಕ್ರಮ. ಕಾಗದದ ದಪ್ಪ, ಅಕ್ಷರದ ಅಂದ ಎಲ್ಲವನ್ನೂ ನೋಡುವರು. ತಬಲಾ ಬಾರಿಸಿದವನ ಹೆಸರು ಬಿಟ್ಟುಹೋಗಿದ್ದರೆ ತಾವೇ ವಿಚಾರಿಸಿ ಅಂಕಣದಲ್ಲಿ ಹಾಕುವರು. ಹಾಗೆ ಹೆಸರು ಕಂಡ ಎಷ್ಟೋ ಜನ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಎರಡು ವರ್ಷಗಳಿಂದ ಅವರ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ಇದನ್ನು ಅವರು ಸಂಪಾದಕರಿಗೂ ಹೇಳಿರಲಿಲ್ಲ.

ಕಳೆದ ನವೆಂಬರಿನಲ್ಲಿ ಆಶಿಕ್ ತನ್ನ ಆಲ್ಬಮ್ ತಂದುಕೊಟ್ಟ. ಪಣಂಬೂರಿನ ಕಂಟೇನರ್ ಯಾರ್ಡಿನಲ್ಲಿ ಕೆಲಸ ಮಾಡುವ ಇಪ್ಪತ್ತನಾಲ್ಕರ ಹುಡುಗ. ಬ್ಯಾರಿ ಭಾಷೆಯಲ್ಲಿ ರ್‍ಯಾಪ್ ಹಾಡುತ್ತಿದ್ದ. ಕಂಪನಿ ಇಲ್ಲ, ಅಂಗಡಿ ಇಲ್ಲ, ಸುರತ್ಕಲ್ಲಿನ ಗೆಳೆಯನ ಕೋಣೆಯೇ ಸ್ಟುಡಿಯೊ. ಅರವತ್ತು ಸಿ.ಡಿ. ಮಾಡಿದ್ದ. ಹೊದಿಕೆ ದಪ್ಪ ರಟ್ಟಿನದು, ಬ್ಲೇಡಿನಿಂದ ಕತ್ತರಿಸಿ ಮಡಚಿ ನೀಲಿ ನೈಲಾನ್ ದಾರದಿಂದ ಹೊಲಿದದ್ದು. ಒಂದರ ಮೇಲೆ ಕಪ್ಪು ಮಾರ್ಕರಿನ ಗೆರೆ, ಇನ್ನೊಂದರ ಮೇಲೆ ಅರ್ಧ ಅಕ್ಷರ, ಮತ್ತೊಂದರ ಮೇಲೆ ವಿಮಾನದ ಲಗೇಜು ಚೀಟಿಯ ಚೂರು. ಒಂದರ ಹಾಗೆ ಇನ್ನೊಂದಿಲ್ಲ.

"ಕೇಳಿ ಬೈದರೆ ಬೇಜಾರಿಲ್ಲ ಸರ್," ಎಂದ ಆಶಿಕ್ ನಗುತ್ತ. "ಕೇಳದೆ ಮಾತ್ರ ಹೊಗಳಬೇಡಿ ಮಾರಾಯ್ರೆ."

ಯೂಸ್ಟೇಸ್ ಮೂರು ಸಲ ಕೇಳಿದರು. ತಾಳ ಎದೆಗೆ ಬಂದು ಗುದ್ದುತ್ತಿತ್ತು. ಮಾತು ಮಾತ್ರ ಲಾರಿಯಿಂದ ಜಲ್ಲಿ ಸುರಿದ ಹಾಗೆ. ಬೀದಿಯಲ್ಲಿ ನಿಧಾನವಾಗಿ ಆಡಿದರೆ ಬ್ಯಾರಿ ಅವರಿಗೆ ಅರ್ಥವಾಗುತ್ತಿತ್ತು. ಇಲ್ಲಿ ಒಂದು ಸಾಲೂ ಕೈಗೆ ಸಿಗಲಿಲ್ಲ. ಕೆಳಗಿನ ಅಂಗಡಿಯ ಕಾಸಿಂ ಬ್ಯಾರಿಯವನೇ, ಅವನನ್ನು ಕೇಳೋಣವೆಂದು ಮೆಟ್ಟಿಲಿಳಿದರು. ಆದರೆ ಕೇಳಿದರೆ ಕಿವಿಯ ವಿಷಯ ಹೊರಬೀಳುತ್ತದೆ. ಬಿಸ್ಕತ್ತಿನ ಪೊಟ್ಟಣ ಕೊಂಡು ಮೇಲೆ ಬಂದರು.

ಆ ವಾರ ಹಾಡಿಗೆ ನಾಲ್ಕೇ ವಾಕ್ಯ ಬರೆದರು. ಆವೇಶ, ಬಿರುಸು, ಹೊಸ ತಲೆಮಾರಿನ ದನಿ: ಯಾರ ಹಾಡಿಗೂ ಹೊಂದುವ ಮಾತುಗಳು. ಉಳಿದ ಪುಟವೆಲ್ಲ ಹೊದಿಕೆಗೆ. ಗಲ್ಫಿನಿಂದ ಸಾಮಾನು ತುಂಬಿಕೊಂಡು ಬರುವ ರಟ್ಟಿನ ಪೆಟ್ಟಿಗೆಯನ್ನು ಯಾರೂ ಇಷ್ಟು ಅರ್ಥವತ್ತಾಗಿ ಬಳಸಿರಲಿಲ್ಲ, ಪ್ರತಿಯೊಂದೂ ಪ್ರಪಂಚದಲ್ಲಿ ಒಂದೇ ಒಂದು, ಸಂಗ್ರಹಿಸುವವರು ತಡಮಾಡಬಾರದು ಎಂದರು. ಯಾರೋ ಆ ಪುಟವನ್ನು ಇಂಟರ್ನೆಟ್ಟಿಗೆ ಹಾಕಿದರು. ಐದು ದಿನಗಳಲ್ಲಿ ಉಳಿದ ಐವತ್ತೊಂಬತ್ತೂ ಹೋದವು: ಬೆಂಗಳೂರಿಗೆ, ಪುಣೆಗೆ, ಕೊಚ್ಚಿಗೆ, ಒಂದು ಜರ್ಮನಿಗೂ. ಬರೆದದ್ದಕ್ಕೆ ಇಂಥ ಫಲ ಕಂಡು ಎಷ್ಟೋ ವರ್ಷಗಳಾಗಿದ್ದವು. ಯೂಸ್ಟೇಸ್ ಎರಡು ದಿನ ಹಿಗ್ಗಿಕೊಂಡೇ ಇದ್ದರು.

ಮರುವಾರ ಆಶಿಕನ ತಾಯಿ ಖತೀಜಮ್ಮ ಮಗಳು ಆಮ್ನಾಳೊಂದಿಗೆ ಅವರ ಮನೆಗೆ ಬಂದರು. ಆಮ್ನಾ ಕಾಲೇಜಿಗೆ ಹೋಗುವ ಹುಡುಗಿ. ಅಂಕಣವನ್ನು ತಾಯಿಗೆ ಓದಿ ಹೇಳಿದ್ದು ಅವಳೇ. ಯೂಸ್ಟೇಸ್ ಪದೇ ಪದೇ ಕತ್ತು ಹೊರಳಿಸುವುದನ್ನು ನೋಡಿ ಅವಳು, ಫ್ಯಾನಿನ ಗಾಳಿ ಜಾಸ್ತಿಯಾಯಿತೆಂಬ ನೆಪದಲ್ಲಿ ಎದ್ದು, ತಾಯಿಯನ್ನು ಅವರ ಎಡಬದಿಯ ಕುರ್ಚಿಗೆ ಕರೆತಂದಳು.

ಖತೀಜಮ್ಮ ನಿಧಾನವಾಗಿ ಹೇಳಿದರು. ಗಂಡ ಅಹ್ಮದ್ ಬಾವ ಹತ್ತೊಂಬತ್ತು ವರ್ಷ ಸೌದಿಯ ಜುಬೈಲಿನಲ್ಲಿ ದುಡಿದು, ಎರಡು ವರ್ಷಗಳ ಹಿಂದೆ ಅಲ್ಲೇ ನಿದ್ದೆಯಲ್ಲಿ ತೀರಿಕೊಂಡಿದ್ದರು. ಅಲ್ಲೇ ದಫನವೂ ಆಯಿತು. ಆಮೇಲೆ ಜೊತೆಯಲ್ಲಿದ್ದವರೊಬ್ಬರು, ಊರಿಗೆ ಬರುವವರ ಕೈಯಲ್ಲಿ, ಬಜಪೆ ವಿಮಾನ ನಿಲ್ದಾಣಕ್ಕೆ ಒಂದು ಪೆಟ್ಟಿಗೆ ಕಳಿಸಿದರು. ರಜೆಗೆ ಬರಲೆಂದು ಅಹ್ಮದ್ ಬಾವ ತಾವೇ ಕಟ್ಟಿಟ್ಟಿದ್ದ ಪೆಟ್ಟಿಗೆ. ನಾಲ್ಕು ಬದಿಗೂ ಹೆಂಡತಿಯ ಹೆಸರು, ಮನೆಯ ನಂಬರು ಮಾರ್ಕರಿನಲ್ಲಿ ಬರೆದಿದ್ದರು. ಒಳಗಿನ ಸಾಬೂನು, ಕಂಬಳಿ ನೆಂಟರಿಗೆ ಹಂಚಿಹೋದವು. ರಟ್ಟು ಮಾತ್ರ ಕಪಾಟಿನ ಹಿಂದೆ ಉಳಿಯಿತು. ದಿನಾ ಮಧ್ಯಾಹ್ನ ಅದನ್ನು ಹೊರಗೆ ತೆಗೆದು ಖತೀಜಮ್ಮ ಅದಕ್ಕೆ ಮನೆಯ ಸುದ್ದಿ ಹೇಳುತ್ತಿದ್ದರು.

"ಉಳಿದವರಿಗೆ ಊರಲ್ಲೇ ಖಬರ್ ಉಂಟು, ಮಕ್ಕಳು ಗೋರಿಯ ಹತ್ತಿರ ಹೋಗಿ ಸಲಾಂ ಹೇಳಿ ಬರ್ತಾರೆ," ಎಂದರು. "ನಮಗೆ ಎಂತ ಉಂಟು? ಅದೊಂದು ರಟ್ಟು ಇತ್ತು."

ಯೂಸ್ಟೇಸ್ ಮೇಜಿನ ಮೇಲಿದ್ದ ತಮ್ಮ ಹೊದಿಕೆಯ ಕಡೆ ನೋಡಿದರು. ಆಮ್ನಾ ಮೆಲ್ಲಗೆ, ಅಣ್ಣ ನಾಲ್ಕನೇ ಹಾಡಿನಲ್ಲಿ ಎಲ್ಲವನ್ನೂ ಹೇಳಿದ್ದಾನಲ್ಲ, ನೀವು ಕೇಳಿದ್ದೀರಲ್ಲ ಎಂದಳು.

"ಇಲ್ಲ ಮಗಾ. ನನಗೆ ಕೇಳಿಸ್ಲಿಲ್ಲ." ಆ ಮಾತನ್ನು ಅವರು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

ಅವಳು ಬೈಯಲಿಲ್ಲ. ಎಡಗಿವಿಯ ಹತ್ತಿರ ಬಗ್ಗಿ, ಹಾಡಿನ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದಳು. ಬಾಪ ಪೆಟ್ಟಿಗೆಯಾಗಿ ಬಂದರು. ಉಮ್ಮ ಪೆಟ್ಟಿಗೆಯೊಂದಿಗೆ ಮಾತಾಡುತ್ತಾಳೆ, ನನ್ನೊಂದಿಗೆ ಇಲ್ಲ. ಬ್ಲೇಡು ಹಿಡಿದೆ, ಬಾಪನನ್ನು ಅರವತ್ತು ಮಾಡಿದೆ. ಯಾರೂ ಕೊಳ್ಳಬೇಡಿ, ಇದು ನಮ್ಮ ಮನೆಯದು.

"ಹತ್ತು ಸಹ ಹೋಗುವುದಿಲ್ಲ ಅಂತ ಗೊತ್ತಿತ್ತು ಅವನಿಗೆ," ಎಂದಳು. "ಮೊದಲಿನ ಆಲ್ಬಮ್ ಇನ್ನೂ ಮಂಚದ ಅಡಿಯಲ್ಲಿ ಉಂಟು. ಸಿಟ್ಟು ಇಳಿದ ಮೇಲೆ ಸೇರಿಸಿ ಅಂಟಿಸಿ ಉಮ್ಮನಿಗೆ ಕೊಡ್ತೇನೆ ಅಂತ ಇದ್ದ. ಒಮ್ಮೆಗೇ ಎಲ್ಲರೂ ಕೇಳಿದರು, ಅದೇ ಸಿಟ್ಟಿನಲ್ಲಿ ಕೊಟ್ಟುಬಿಟ್ಟ."

ಖತೀಜಮ್ಮ ಯೂಸ್ಟೇಸರನ್ನೇ ನೋಡುತ್ತಿದ್ದರು. "ನೀವು ಬರೆದದ್ದಕ್ಕೆ ಹೋಯ್ತು ಪೊರ್ಬುಗಳೆ," ಎಂದು ಕ್ರಿಶ್ಚಿಯನ್ನರನ್ನು ಕರೆಯುವ ಹಳೆಯ ಗೌರವದಲ್ಲೇ ಕೇಳಿದರು. "ನೀವೇ ಬರೆದರೆ ವಾಪಸ್ ಬರ್ತದಾ?" ಮಾತಿನಲ್ಲಿ ಕೊಂಕಿರಲಿಲ್ಲ.

ಯೂಸ್ಟೇಸ್ ಬರೆದರು. ತಮ್ಮ ಕಿವಿಯ ಕಥೆ, ಕಾಸಿಂನ ಅಂಗಡಿಯಿಂದ ಕೇಳದೆ ಬಂದದ್ದು, ಹಾಡಿನ ಅರ್ಥ, ಪೆಟ್ಟಿಗೆ, ಯಾವುದನ್ನೂ ಮುಚ್ಚಿಡಲಿಲ್ಲ. ದಯವಿಟ್ಟು ಹೊದಿಕೆಗಳನ್ನು ಮರಳಿಸಿ ಎಂದು ಬೇಡಿಕೊಂಡರು. ಅವರ ಯಾವ ಬರಹವನ್ನೂ ಅಷ್ಟು ಜನ ಓದಿರಲಿಲ್ಲ. ಓದಿ ಅತ್ತೆವೆಂದು ಬರೆದವರು ಎಷ್ಟೋ ಮಂದಿ. ಪುಣೆಯವರೊಬ್ಬರು ತಮ್ಮ ಹೊದಿಕೆಗೆ ಗಾಜಿನ ಚೌಕಟ್ಟು ಹಾಕಿಸಿ ಫೋಟೋ ಕಳಿಸಿದರು. ಅಲ್ಲಿಯವರೆಗೆ ಅದು ಅವರಿಗೆ ಬರೀ ಚಂದದ ರಟ್ಟಾಗಿತ್ತು.

ಒಂದು ತಿಂಗಳಲ್ಲಿ ಅಂಚೆಯಲ್ಲಿ ಬಂದದ್ದು ಎರಡು ಪೊಟ್ಟಣ. ಒಂದನ್ನು ಸುರತ್ಕಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ ಅಶ್ಮಿತಾ ಕಳಿಸಿದ್ದಳು. ಮೂಲೆ ಮಡಚಬಾರದೆಂದು ಹೊದಿಕೆಯನ್ನು ತನ್ನ ಹತ್ತಿಯ ಶಾಲಿನಲ್ಲಿ ಸುತ್ತಿದ್ದಳು. ಕೊಚ್ಚಿಯಿಂದ ಬಂದದ್ದರಲ್ಲಿ ಸಿ.ಡಿ. ಮಾತ್ರ ಇತ್ತು. ಹಾಡು ಮನೆಯವರದು, ಹೊದಿಕೆಯನ್ನು ನಾನು ಜೀವ ಇರುವವರೆಗೆ ಕಾಪಾಡುತ್ತೇನೆ ಎಂಬ ಕಾಗದ, ದುಂಡಗಿನ ಅಕ್ಷರದಲ್ಲಿ.

ಅಶ್ಮಿತಾ ಕಳಿಸಿದ್ದನ್ನೂ ತಮ್ಮದನ್ನೂ ಹಿಡಿದು ಯೂಸ್ಟೇಸ್ ಸುರತ್ಕಲ್ಲಿನಾಚೆಯ ಖತೀಜಮ್ಮನ ಮನೆಗೆ ಹೋದರು. ಬಾಗಿಲು ತೆರೆದ ಆಶಿಕ್ ದಾರಿ ಬಿಟ್ಟು ಹಿತ್ತಿಲಿಗೆ ಸರಿದ. ಖತೀಜಮ್ಮ ನೆಲದ ಮೇಲೆ ಕುಳಿತು ಎರಡು ಚೂರುಗಳನ್ನು ಆ ಕಡೆ, ಈ ಕಡೆ ತಿರುಗಿಸಿ ಅಂಚಿಗೆ ಅಂಚು ಹಿಡಿದು ನೋಡಿದರು. ಒಂದರಲ್ಲಿ ಶಾಯಿಯ ಒಂದು ಗೆರೆ, ಇನ್ನೊಂದರಲ್ಲಿ ಹಗ್ಗ ಬಿಗಿದ ಗುರುತು. ಎಲ್ಲಿಯೂ ಕೂಡಲಿಲ್ಲ.

ಬೆಂಗಳೂರಿನ ದೊಡ್ಡ ಪತ್ರಿಕೆಗೆ ಬರೆಯುತ್ತೇನೆ ಎಂದರು ಯೂಸ್ಟೇಸ್.

"ಬೇಡ ಪೊರ್ಬುಗಳೆ. ನೀವು ಚಂದ ಬರೀತೀರಿ. ಬರೆದಷ್ಟೂ ಅದು ಅವರಿಗೇ ಬೇಕಾಗ್ತದೆ."

ಖತೀಜಮ್ಮ ಚಹಾ ಕುಡಿಸದೆ ಅವರನ್ನು ಬಿಡಲಿಲ್ಲ. ಚೂರುಗಳನ್ನು ಶಾಲಿನಲ್ಲೇ ಮತ್ತೆ ಸುತ್ತಿಟ್ಟರು.

ಬಸ್ ನಿಲ್ದಾಣಕ್ಕೆ ಆಶಿಕ್ ಹಿಂದಿನಿಂದ ಬಂದು ಎಡಗಡೆ ನಿಂತ.

"ಹಾಡು ಹೇಗಿತ್ತು ಅಂತ ನೀವು ಹೇಳ್ಲೇ ಇಲ್ಲ ಸರ್," ಎಂದ.

"ಒಳ್ಳೆ ಹಾಡು, ಆಶಿಕ್. ನಾನು ಕೇಳಿದ ಒಳ್ಳೆ ಹಾಡುಗಳಲ್ಲಿ ಒಂದು. ಅದರ ಬಗ್ಗೆಯೇ ಬರೀಬೇಕಿತ್ತು."

ಆಶಿಕ್ ತಲೆಯಾಡಿಸಿದ. "ಆ ಹಾಡನ್ನು ನಾನು ಎಲ್ಲ ಕಡೆಯಿಂದ ತೆಗೆದೆ. ಫೋನಿನಿಂದ, ಕಂಪ್ಯೂಟರಿನಿಂದ. ಇನ್ನು ಹಾಡುವುದಿಲ್ಲ."

ಮಂಗಳೂರಿನ ಬಸ್ಸು ಬಂತು. ಆಶಿಕ್ ರಸ್ತೆಗಿಳಿದು ಕೈ ಅಡ್ಡ ಹಿಡಿದ. ಯೂಸ್ಟೇಸರ ಎರಡೂ ಕಾಲು ಮೆಟ್ಟಿಲ ಮೇಲೆ ಊರುವವರೆಗೆ ಅವರ ಮೊಣಕೈ ಹಿಡಿದೇ ಇದ್ದ. ಆಮೇಲೆ ಬಸ್ಸಿನ ಬದಿಗೆ ಎರಡು ಸಲ ತಟ್ಟಿ, ಹಿಂದೆ ತಿರುಗದೆ ನಡೆದುಹೋದ.