ಲೋಳೆ ಬಿಡುವ ಹೊತ್ತು

ಇನ್ನೂ ಜಾರುತ್ತಿದೆ, ಬೆರಳ ಸಂದಿಯಲ್ಲಿ ಕಾಫಿ ಬೀಜ ಇನ್ನೂ ಜಾರುತ್ತಲೇ ಇದೆ, ಲೋಳೆ ಬಿಟ್ಟಿಲ್ಲ, ಮೊಣಕೈವರೆಗೆ ತೊಟ್ಟಿಯೊಳಗೆ ಇಳಿಸಿದ ಕೈಯನ್ನು ಮೇಲೆತ್ತಿದರೆ ಕೈ ಇದ್ದ ಗುಳಿ ಕೂಡಲೇ ಮುಚ್ಚಿಕೊಳ್ಳುತ್ತದೆ, ಅಂದರೆ ಇನ್ನೂ ಒಂದು ಗಂಟೆ, ಒಂದೂವರೆ ಇದ್ದರೂ ಇರಬಹುದು — ಅಗೋ, ಶುರುವಾಯಿತು ಫೋನು. ಹೊಡೆದುಕೊಳ್ಳಲಿ. ನಾನು ಹೋಗುವುದಿಲ್ಲ. ಕಾಲು ಆಗಲೇ ಎದ್ದು ನಿಂತಿದೆ ನೋಡು, ಮಾನಗೆಟ್ಟ ಕಾಲು, ಎರಡು ವರ್ಷದಿಂದ ಆ ಸದ್ದಿಗೆ ಓಡಿ ಓಡಿ ಅದಕ್ಕೆ ಚಟ ಹತ್ತಿಬಿಟ್ಟಿದೆ, ಒಲೆಯ ಮೇಲೆ ಹಾಲಿದ್ದರೂ ಓಡು, ತಲೆಗೆ ನೀರು ಹುಯ್ದುಕೊಂಡಿದ್ದರೂ ಸೀರೆ ಸುತ್ತಿಕೊಂಡು ಓಡು, ಹಲೋ, ಯಾರು, ಮೇಲಿನ ಮನೆ ನಂಜುಂಡಯ್ಯನೋರಾ, ಕರೀತೀನಿ, ಐದು ನಿಮಿಷ ಬಿಟ್ಟು ಮಾಡಿ — ಆಮೇಲೆ ಗದ್ದೆ ಬದುವಿನ ಮೇಲೆ ಓಡಿ, ದಿಣ್ಣೆ ಹತ್ತಿ, ಏದುಸಿರು ಬಿಡುತ್ತಾ ಅವರ ಬಾಗಿಲಲ್ಲಿ ನಿಂತರೆ, ಅವರು ಎಲೆಅಡಿಕೆ ಉಗಿದು, ಬಾಯಿ ತೊಳೆದು, ಅಂಗಿ ಹಾಕಿಕೊಂಡು ನಿಧಾನವಾಗಿ ಹೊರಡುತ್ತಾರೆ, ಯಾರಂತಮ್ಮ ಫೋನು, ಹೆಸ್ರು ಕೇಳ್ಳಿಲ್ವಾ? ಹದಿನಾಲ್ಕು ಮನೆಗೆ ಒಂದು ಫೋನು, ಅದಕ್ಕೆ ಕಾಲು ನನ್ನವು. ನಿಂತಿತು. ಸದ್ಯ. ಇವರು ಒಳಗೇ ಇದ್ದಾರೆ, ಟಿವಿಯಲ್ಲಿ ಕ್ರಿಕೆಟ್ಟು, ಫೋನಿಗೂ ಅವರು ಮಲಗಿರುವ ದಿವಾನಕ್ಕೂ ಮೂರು ಹೆಜ್ಜೆ, ಆದರೂ ಏಳಲಿಲ್ಲ. ಮೂರು ಹೆಜ್ಜೆ. ನಾನಾದರೆ ಕಣ ದಾಟಿ, ಹಿತ್ತಿಲು ದಾಟಿ, ಅಡುಗೆಮನೆ ದಾಟಿ ಓಡಬೇಕು. ಮೈಯೆಲ್ಲಾ ಉರಿಯುತ್ತದೆ ನನಗೆ, ನೆನೆಸಿಕೊಂಡರೇ ಉರಿಯುತ್ತದೆ, ಆದರೆ ಯಾರ ಮೇಲೆ ಅಂತ ಉರಿಯಲಿ, ಮೊದಲ ದಿನ ಫೋನಿಗೆ ಕುಂಕುಮ ಇಟ್ಟು, ನಿಮ್ ನಂಬರೂ ಇದೇ ಅನ್ಕಳಿ ಅಂತ ಮನೆಮನೆಗೆ ಹೇಳಿ ಬಂದವಳು ನಾನೇ ತಾನೆ.

ಹೋದ ವರ್ಷವೂ ಇದೇ ಹೊತ್ತು, ಇದೇ ತೊಟ್ಟಿ. ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ ರಾತ್ರಿಯೆಲ್ಲಾ ಹುಳಿಯಲು ಬಿಟ್ಟಾಗಿತ್ತು, ಇನ್ನೇನು ಲೋಳೆ ಬಿಡಬೇಕು, ಫೋನು ಬಂತು, ಓಡಿದೆ, ನಂಜುಂಡಯ್ಯನವರ ತಂಗಿ ಮಗನಂತೆ, ಮಗುವಿಗೆ ಹೆಸರಿಡುವ ದಿನ ಹೇಳಲಿಕ್ಕೆ, ಅವರನ್ನು ಕರೆತಂದು, ಕಾಫಿ ಕೊಟ್ಟು, ಬರುವಾಗ ಇಂದ್ರಮ್ಮನ ಜಗಲಿಯಲ್ಲಿ ಎರಡು ನಿಮಿಷ ಅಂತ ಕುಳಿತು — ತಿರುಗಿ ಬಂದಾಗ ತೊಟ್ಟಿಯಿಂದ ಮೂಗಿಗೆ ಹೊಡೆಯುವ ನಾತ. ಒಣಗಿಸಿ ಬಾಳ್ಳುಪೇಟೆಗೆ ಒಯ್ದರೆ ವ್ಯಾಪಾರಿ ಸಿದ್ದಬಸಪ್ಪನವರು ಒಂದು ಹಿಡಿ ಮೂಗಿಗೆ ಹಿಡಿದು, ಏನ್ ತಾಯಿ, ಉಪ್ಪಿನ್ಕಾಯಿ ಹಾಕಿದ್ದೀರಾ ಅಂದರು, ಅಂಗಡಿಯವರೆಲ್ಲ ನಕ್ಕರು, ಇವರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಇವರೇ ನಕ್ಕರು. ಹಿಂಗೆ ಲೋಳೆ ತೊಳ್ದು ಪಾರ್ಚ್‌ಮೆಂಟ್ ಮಾಡೋದೆಲ್ಲಾ ದೊಡ್ ಎಸ್ಟೇಟ್ನೋರ ಆಟ ಕಣೆ, ಹಣ್ಣನ್ನ ಹಂಗೇ ಕಣದಲ್ಲಿ ಒಣಗ್ಸಿ ಬಿಸಾಕು, ನಿಂಗ್ಯಾಕ್ ಬೇಕು. ಈ ಸಲವೂ ಕೆಟ್ಟರೆ ಪಲ್ಪರನ್ನು ಪಕ್ಕದ ತೋಟದ ಲಿಂಗಪ್ಪನಿಗೆ ಮಾರುವುದೆಂದು ಮಾತಾಗಿದೆ, ನನ್ನನ್ನು ಕೇಳದೆಯೇ ಮಾತಾಗಿದೆ. ಕೆಡುವುದಿಲ್ಲ. ಹಾನುಬಾಳಿನ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಕರಿಯಪ್ಪನ ಮಗಳು ನಾನು, ಎಂಟು ವರ್ಷದವಳಿದ್ದಾಗ ಅಪ್ಪ ನನ್ನ ಕೈಯನ್ನೇ ಹಿಡಿದು ತೊಟ್ಟಿಗೆ ಇಳಿಸಿ ತೋರಿಸಿದ್ದರು, ಕೈ ತೆಗ್ದ ಮ್ಯಾಲೂ ಗುಳಿ ಹಂಗೇ ನಿಂತ್ಕಬೇಕು ಮಗ, ನಿಂತ್ಕಂತು ಅಂದ್ರೆ ಹದ, ಆವಾಗ್ಲೇ ತೊಳ್ದುಬುಡಬೇಕು, ಅತ್ಲಾಗ್ ಇತ್ಲಾಗ್ ನೋಡ್ದ್ಯೋ ಕೆಡ್ತು. ಅತ್ತ ಇತ್ತ ನೋಡುವುದನ್ನು ಬಿಟ್ಟು ಮೂರು ವಾರವಾಯಿತು ಅಪ್ಪ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೇನೆ, ಬಿಡತಕ್ಕದ್ದು ಅಂತ — ಮಧ್ಯಾಹ್ನದ ಧಾರಾವಾಹಿ, ಇಂದ್ರಮ್ಮನ ಜಗಲಿ, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕುವುದು, ಕರೆದವರಿಗೆಲ್ಲ ಹೂಂ ಅನ್ನುವುದು, ಕಡೆಯದಾಗಿ ಫೋನು, ಅದರ ಕೆಳಗೆ ಎರಡು ಗೆರೆ. ಇವರು ಓದಿ, ಗಂಡನ್ನೂ ಸೇರುಸ್ಕಬೇಕಿತ್ತು ಪಟ್ಟೀಲಿ ಅಂದು ಹಲ್ಲು ಕಿರಿದರು. ಕಿರಿಯಲಿ. ಧಾರಾವಾಹಿಯ ಆ ಹುಡುಗಿಗೆ ಮದುವೆಯಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ, ಇಂದ್ರಮ್ಮ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದಾಳಂತೆ, ದೊಡ್ ಮನ್ಸಳಾಗ್ಬುಟ್ಟವ್ಳೆ ನಮ್ ನಯನ, ಮುಖ ಕೊಟ್ಟು ಮಾತಾಡಾಕಿಲ್ಲ. ಹೌದು, ಆಗಿದ್ದೇನೆ. ಹಸಿರು ಕಾಯಿ ಒಂದೂ ಸೇರದಂತೆ ಹಣ್ಣು ಕುಯ್ಯಿಸಿದ್ದೇನೆ, ನಿಂತು ನೋಡಿ ಕುಯ್ಯಿಸಿದ್ದೇನೆ, ಈ ಮೂರು ವಾರದಲ್ಲಿ ಆದಷ್ಟು ಕೆಲಸ ಹೋದ ಮೂರು ವರ್ಷದಲ್ಲಿ ಆಗಿರಲಿಲ್ಲ.

ಮತ್ತೆ. ಮತ್ತೆ ಹೊಡೆದುಕೊಳ್ಳುತ್ತಿದೆ. ರೀ, ಫೋನು! ಕೂಗಿದೆ, ಕೂಗಿದ್ದು ಕೇಳಿಸಿದೆ, ಯಾಕೆಂದರೆ ಟಿವಿ ಸದ್ದು ಇನ್ನೂ ಒಂಚೂರು ಜಾಸ್ತಿಯಾಯಿತು, ನಿಂಗೇ ಇರ್ಬೇಕು ಹೋಗೇ, ನಂಗ್ಯಾರ್ ಮಾಡ್ತಾರೆ. ಯಾರಿರಬಹುದು. ಇರಲಿ ಯಾರಾದರೂ. ನಂಜುಂಡಯ್ಯನವರ ತಂಗಿ ಮಗನೇ ಇರಬೇಕು, ಮಗುವಿಗೆ ಹಲ್ಲು ಬಂತು ಅಂತ ಹೇಳಲಿಕ್ಕೆ. ಅಥವಾ ಗಂಗಾಮಣಿ — ಇಲ್ಲ, ಅವಳಲ್ಲ, ಅವಳು ಮಾಡಿದರೆ ಬೆಳಿಗ್ಗೆ ಮಾಡುತ್ತಾಳೆ, ಅವಳವ್ವ ಬೆಟ್ಟಮ್ಮಕ್ಕ ಕೆಲಸಕ್ಕೆ ಹೋಗುವ ಮುಂಚೆ. ಹೋದ ತಿಂಗಳು ಅಮಾವಾಸ್ಯೆಗೆ ತೌರಿಗೆ ಬಂದಿದ್ದವಳು, ಹೊರಡುವ ದಿನ ನಮ್ಮ ಫೋನಿನ ಎದುರು ನಿಂತು ನಂಬರನ್ನು ಬಾಯಿಪಾಠ ಮಾಡಿದಳು, ಚೀಟಿ ಕೊಡುತ್ತೇನೆ ಅಂದರೆ ಬ್ಯಾಡಕ್ಕ, ಚೀಟಿ ಸಿಕ್ರೆ ನನ್ ಗಂಡ ಕೊಂದ್ಬುಡ್ತಾನೆ ಅಂದಳು, ಕೆನ್ನೆಯ ಮೇಲಿನ ಬಾಸುಂಡೆಗೆ ಪೌಡರ್ ಹಚ್ಚಿದ್ದಳು. ಎರಡು ಸಲ ಬಂದವಳನ್ನು ಎರಡು ಸಲವೂ ಬುದ್ಧಿ ಹೇಳಿ ಗಂಡನ ಊರು ಮಗ್ಗೆಗೆ ವಾಪಸ್ ಕಳಿಸಿದ್ದು ಬೆಟ್ಟಮ್ಮಕ್ಕನೇ, ಈ ಸಲ ಮಾತ್ರ ಅವಳೇ ಅತ್ತು, ಇನ್ನೊಂದ್ ಏಟು ಬಿದ್ರೆ ಫೋನ್ ಮಾಡು ಮಗ, ಬಾ ಅಂತೀನಿ ಅಂದಿದ್ದಳು, ಗಂಗಾಮಣಿ ನನ್ನ ಕಡೆ ತಿರುಗಿ, ಅವ್ವನ್ನ ಕರ್ದುಬುಡಿ ಅಕ್ಕ, ಅವ್ಳ ಬಾಯಲ್ಲಿ ಬಾ ಅನ್ನೋದ್ ಕೇಳಿದ್ರೆ ಸಾಕು, ಅಲ್ಲಿಂದಲೇ ಬಸ್ ಹತ್ತುಬುಡ್ತೀನಿ. ನಾನು ಹೂಂ ಅಂದಿದ್ದೆ. ಕರೆದವರಿಗೆಲ್ಲ ಹೂಂ. ಅವಳೇ ಆಗಿದ್ದರೆ? ಕೈ ತೊಟ್ಟಿಯಲ್ಲಿದೆ, ಬೀಜ ಈಗ ಬೇರೆ ಥರ ಇದೆ, ಅಲ್ಲಲ್ಲಿ ಗರಗರ ಅನ್ನುತ್ತಿದೆ, ಇದೇ, ಇದೇ ಹೊತ್ತು, ಈಗ ಎದ್ದು ಹೋದರೆ ಕಣ, ಹಿತ್ತಿಲು, ಹಲೋ, ಆಮೇಲೆ ಎಸ್ಟೇಟಿನ ಕೂಲಿಯವರ ಸಾಲಿನಲ್ಲಿರುವ ಬೆಟ್ಟಮ್ಮಕ್ಕನ ಲೈನ್ ಮನೆಯ ತನಕ ಒಂದು ಮೈಲಿ, ಅವಳು ಮಂಡಿ ನೋವಿನವಳು, ಬರುವಷ್ಟರಲ್ಲಿ — ನಿಂತಿತು. ನೋಡು, ನಿಂತಿತು. ಅವಳಲ್ಲ. ಅವಳಾಗಿದ್ದರೆ ಮತ್ತೆ ಮಾಡುತ್ತಿದ್ದಳು.

ಮತ್ತೆ ಮಾಡಿದಳು, ಮಾಡಿದರು, ಯಾರೋ ಮಾಡಿದರು. ಮೂರನೆಯ ಸಲ ಅದು ಬಹಳ ಹೊತ್ತು ಹೊಡೆದುಕೊಂಡಿತು, ನಾನು ಹಲ್ಲು ಕಚ್ಚಿ ತೊಟ್ಟಿಯನ್ನೇ ನೋಡುತ್ತಿದ್ದೆ, ರೀ, ನಿಮ್ಮ ಕಾಲಿಗೇನು ಬಂದಿದೆ, ಎತ್ತಿ ಯಾರಂತ ಕೇಳೋಕೆ ನಿಮ್ಮ ಬಾಯಿಗೇನು ಬಂದಿದೆ ಅಂತ ಕಿರುಚಿದೆ, ಟಿವಿಯಲ್ಲಿ ಯಾರೋ ಔಟಾದರು, ಇವರು ಅಯ್ಯೋ ಅಂದರು. ಆ ಬ್ಯಾಟು ಹಿಡಿದವನಿಗೆ ಅಯ್ಯೋ. ಎರಡು ವರ್ಷದಲ್ಲಿ ಇವರು ಒಂದೇ ಒಂದು ಸಲ ಫೋನೆತ್ತಿಲ್ಲ, ನಾನು ಓಡುತ್ತೇನೆ ಅಂತ ಗೊತ್ತಲ್ಲ, ನಾನು ಓಡುವುದು ನನ್ನ ಚಟವಾದರೆ ಇವರು ಏಳದಿರುವುದು ಯಾರ ಚಟ, ಅದನ್ನು ಯಾವ ಹಾಳೆಯ ಮೇಲೆ ಬರೆಯಲಿ, ಯಾವ ಬಾಗಿಲಿಗೆ ಅಂಟಿಸಲಿ. ಫೋನು ನಿಂತಿತು, ಆಮೇಲೆ ಮುಕ್ಕಾಲು ಗಂಟೆ ಕಳೆದರೂ ಮತ್ತೆ ಹೊಡೆದುಕೊಳ್ಳಲಿಲ್ಲ. ಕೈ ಮೇಲೆತ್ತಿದೆ. ಗುಳಿ ನಿಂತಿದೆ. ಮೊಣಕೈ ಆಳದ ಗುಳಿ, ಅಂಚು ಕುಸಿಯದೆ, ಅಪ್ಪ ತೋರಿಸಿದ್ದರಲ್ಲ ಹಾಗೆಯೇ, ಮೂಗು ಹತ್ತಿರ ಒಯ್ದರೆ ಒಂದಿಷ್ಟೂ ಕೆಟ್ಟ ವಾಸನೆಯಿಲ್ಲ, ನನಗೆ ಅಳು ಬಂತು, ಖುಷಿಗೆ ಅಳು ಬಂತು, ನೀರು ಬಿಡಲು ಎದ್ದೆ, ಎದ್ದರೆ ಬೇಲಿಯಾಚೆ ಬೆಟ್ಟಮ್ಮಕ್ಕ.

ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಫೋನೇನಾದ್ರೂ ಬಂದಿತ್ತಾ ನಯನವ್ವ. ಜೀಪಿನ ಸೋಮಯ್ಯ ಬಂದು ಹೇಳಿದನಂತೆ, ನಿನ್ ಮಗಳು ಮಗ್ಗೇಲಿ ಫೋನ್ ಬೂತ್ ತಾವ ನಿಂತಿದ್ಲು ಕಣಮ್ಮೋ, ಕೈಲಿ ಬಟ್ಟೆ ಗಂಟು ಇತ್ತು, ಬಾರೆ ಜೀಪ್‌ಗೆ ಅಂದ್ರೆ ಅವ್ವನ್ನ ಕೇಳ್ಬೇಕು ಅಂದ್ಲು, ಆಮ್ಯಾಕೆ ಅವ್ಳ ಗಂಡ ಬಂದು ಜಡೆ ಹಿಡ್ದು ಎಳ್ಕೊಂಡೋದ. ನಾನು ಬಾಯಿ ತೆರೆಯುವ ಮೊದಲೇ ಹಿತ್ತಿಲ ಬಾಗಿಲಿನಿಂದ ಇವರ ದನಿ, ಈಗ ಎದ್ದು ಬಂದಿದ್ದಾರೆ, ಈಗ ಕಾಲು ಬಂದಿದೆ, ಇಲ್ವಲ್ಲ ಬೆಟ್ಟಮ್ಮ, ಫೋನ್ ಕೆಟ್ಟೋಗಿ ಎರಡ್ ದಿನ ಆಯ್ತು. ಎಷ್ಟು ಸಲೀಸಾಗಿ ಬಂತು ಆ ಮಾತು, ನನ್ನನ್ನು ಕಾಪಾಡಿದ ಹಾಗೆ ನನ್ನ ಮುಖ ನೋಡಿದರು, ಆ ಮುಖಕ್ಕೆ ತೊಟ್ಟಿಯ ಲೋಳೆಯನ್ನು ಬಾಚಿ ಎರಚಬೇಕು ಅನ್ನಿಸಿತು. ಬಂದಿತ್ತು ಅಕ್ಕ, ಮೂರು ಸಲ, ನಾನೇ ಎತ್ತಲಿಲ್ಲ, ಇಲ್ಲೇ ಇದ್ದೆ, ಕೇಳಿಸಿಕೊಂಡೂ ಎತ್ತಲಿಲ್ಲ ಅಂದೆ. ಬಯ್ಯಿ ಅಕ್ಕ. ಮಣ್ಣು ತೂರು. ಕೆನ್ನೆಗೆ ಹೊಡಿ. ಅವಳು ಬೇಲಿ ಹಿಡಿದು ನನ್ನ ಕೈ ನೋಡಿದಳು, ಆಮೇಲೆ ತೊಟ್ಟಿ ನೋಡಿದಳು, ನಲವತ್ತು ವರ್ಷ ಬೇರೆಯವರ ತೊಟ್ಟಿಯಲ್ಲಿ ಕೈಯಾಡಿಸಿದವಳು, ಕಣ್ಣಲ್ಲೇ ತಿಳಿಯಿತು ಅವಳಿಗೆ. ಹದ ಬಂದೈತೆ ಕಣವ್ವ, ತೊಳ್ದುಬುಡು, ಕೆಟ್ಟೋಯ್ತದೆ. ಅಷ್ಟೇ, ಅಷ್ಟು ಹೇಳಿ ಮಂಡಿಯ ಮೇಲೆ ಕೈಯೂರಿ ತಿರುಗಿದಳು. ತೊಳೆಯಬೇಕು, ನೀರು ಬಿಡಬೇಕು, ನಲ್ಲಿ ಅಲ್ಲೇ ಇದೆ, ಕೈ ಚಾಚಿದರೆ ಸಿಗುತ್ತದೆ, ಮೊದಲು ಅವಳ ಹಿಂದೆ ಹೋಗಬೇಕು, ಸೋಮಯ್ಯನ ಜೀಪು ಇನ್ನೂ ಇದ್ದರೆ ಮಗ್ಗೆಗೆ, ನಲ್ಲಿ, ಜೀಪು, ಕಾಲು ಏಳುತ್ತಿಲ್ಲ, ಇಷ್ಟು ದಿನ ಬೇಡವೆಂದರೂ ಎದ್ದು ಓಡುತ್ತಿದ್ದ ಕಾಲು ಈಗ ಏಳುತ್ತಿಲ್ಲ, ಕಣ್ಣು ಕೀಳಲಾಗುತ್ತಿಲ್ಲ, ನನ್ನ ಕೈ ತೆಗೆದ ಜಾಗದಲ್ಲಿ ಆ ಗುಳಿ, ಮೊಣಕೈ ಆಳದ ಗುಳಿ, ಹಾಗೇ ನಿಂತಿದೆ, ಮುಚ್ಚಿಕೊಳ್ಳುತ್ತಿಲ್ಲ —