‘ಸ್ಟೇ’ ಪದಕ್ಕೊಂದು ಉದಾಹರಣೆ

ನಿಘಂಟು ಬರೆಯುವ ನಮ್ಮ ಕೋಣೆಯಲ್ಲಿ ಒಂದು ಕಟ್ಟಳೆ ಇದೆ. ಪ್ರತಿ ಇಂಗ್ಲಿಷ್ ಪದಕ್ಕೂ ನಮ್ಮ ಮಾತಿನಲ್ಲೊಂದು ಉದಾಹರಣೆ ವಾಕ್ಯ ಕೊಡಬೇಕು. ಅದನ್ನು ಯಾರೂ ಕೂತು ಹೊಸೆಯುವಂತಿಲ್ಲ. ಜೀವವಿರುವ ಮನುಷ್ಯರು ಆಡಿದ್ದು ಕಿವಿಗೆ ಬಿದ್ದಿರಬೇಕು. ಯಾರು ಯಾರಿಗೆ ಹೇಳಿದ್ದು ಎಂದೂ ಚೀಟಿಯಲ್ಲಿ ಬರೆಯಬೇಕು. ಇದರ ದೆಸೆಯಿಂದ ನಾವು ಬಸ್ಸಿನಲ್ಲೂ ಆಸ್ಪತ್ರೆಯ ಸಾಲಿನಲ್ಲೂ ಕಿವಿ ನಿಮಿರಿಸಿಕೊಂಡೇ ಇರುತ್ತೇವೆ. ನಮ್ಮ ಚಿಕ್ಕಮ್ಮನಂತೂ ನನ್ನೆದುರು ಬಾಯಿ ಬಿಡುವುದನ್ನೇ ಬಿಟ್ಟಿದ್ದಾಳೆ.

ಆ ಮಧ್ಯಾಹ್ನ ನನ್ನ ಪಾಲಿಗೆ ಬಂದದ್ದು ‘ಸ್ಟೇ’. ಎದುರು ಮೇಜಿನ ಅರ್ಧವಿರಾಮ ತಮ್ಮ ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದರು. ಮಾತಿನ ನಡುವೆ ತಡೆದು ತಡೆದು ಹೇಳುವುದರಿಂದ ಅವರಿಗೆ ಆ ಹೆಸರು. ಕೆಲಸ ಬಿಟ್ಟು, ಸಂಜೆಯ ರೈಲಿಗೆ ಅಕ್ಕನ ಊರಿಗೆ ಹೊರಟಿದ್ದರು. ಮತ್ತೆ ಬರುವ ಮಾತಿಲ್ಲ. ಅವರು ಹೋಗುವುದು ನನಗೆ ಸುತರಾಂ ಬೇಕಿರಲಿಲ್ಲ. ಹೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟೆ. ಹಗಲೆಲ್ಲ ಮಾತಿನ ಕೆಲಸವನ್ನೇ ಮಾಡುವವಳ ಪಾಡು ನೋಡಿ.

ಪರದೆ ಉಬ್ಬಿ ಇಳಿಯುತ್ತಿತ್ತು. ಹಳದಿ ಬಿಸಿಲಿನಲ್ಲಿ ಕಾಗದದ ಧೂಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿತ್ತು. ಪದದ ಮೂಲ ಓದಿದೆ. ಲ್ಯಾಟಿನ್ನಿನಲ್ಲಿ ಅದರ ಬೇರಿನ ಅರ್ಥ ನಿಲ್ಲು ಎಂದು. ಫ್ರೆಂಚರ ಬಾಯಿ ಹಾದು ಇಂಗ್ಲಿಷಿಗೆ ಬರುವಷ್ಟರಲ್ಲಿ ಇರು, ಉಳಿ, ತಂಗು ಎಂದಾಗಿದೆ. ಹೋಗಬೇಡ ಎನ್ನುವುದಕ್ಕೆ ಆ ಪದ ಎಷ್ಟೊಂದು ದೇಶ ಸುತ್ತಿದೆ. ಜೊಂಪು ಹತ್ತಿದ ಕಣ್ಣಿನಲ್ಲೇ ಅದರ ಹಿಂದೆ ನಡೆದೆ. ಯಾವುದೋ ಹಡಗುಕಟ್ಟೆ, ಯಾರೋ ಹೆಂಗಸು ಯಾರದೋ ತೋಳು ಹಿಡಿದು ಅದನ್ನೇ ಹೇಳುತ್ತಿದ್ದಾಳೆ. ಅವಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

“ಹೋಗ್ಬೇಡಿ. ಇಲ್ಲೇ ಇರಿ.”

ಕೋಣೆಯಲ್ಲಿ ಕೇಳಿಸಿದ್ದು ನನ್ನದೇ ದನಿ.

ಅರ್ಧವಿರಾಮ ಕನ್ನಡಕ ಮೇಲೇರಿಸಿದರು. “ಸ್ಟೇಗಾ? ಚೆನ್ನಾಗಿದೆ. ಆದ್ರೆ... ಕೂತು ಹೊಸೆದ ಹಾಗಿದೆ.”

ನನಗೆ ಮೈಯೆಲ್ಲ ಉರಿಯಿತು. “ಹೊಸೆದದ್ದಲ್ಲ ರೀ.”

“ಹಾಗಾದ್ರೆ ಬರ್ಕೊಳ್ಳಿ. ಯಾರು ಹೇಳಿದ್ದು?”

“ನಾನು.”

“ಯಾರಿಗೆ?”

“ನಿಮಗೆ. ಈಗ್ತಾನೆ.”

ಅವರ ಕೈಯಲ್ಲಿದ್ದ ಹಗ್ಗ ಸಡಿಲಾಯಿತು. ಆಮೇಲೆ ಅವರು ಮೇಜಿನ ಫೋನ್ ಎತ್ತಿದರು.

“ಅಕ್ಕಾ, ನಾನು. ಊಟಕ್ಕೆ ನನ್ನ ಕಾಯ್ಬೇಡ. ಇಲ್ಲ, ರೈಲು ತಪ್ಪಿಲ್ಲ.” ಎಂದಿನಂತೆ ತಡೆದರು. “ಇಲ್ಲಿ ಒಬ್ರು... ಇರಿ ಅಂದ್ರು.”