ಗುಟ್ಟಿ ಕಲ್ಲಿನ ಮೇಲಿನ ಗುಳಿಗೆ

ಮೀನಿನ ಮರಿ ಇನ್ನೂ ಮೊಟ್ಟೆಯಲ್ಲಿರುವಾಗಲೇ ಅದರ ಗಂಟಲಲ್ಲಿ ಥೈರಾಯ್ಡ್ ಗ್ರಂಥಿ ಹೇಗೆ ಮೂಡುತ್ತದೆ, ಮೂಡು ಎಂದು ಅಪ್ಪಣೆ ಕೊಡುವ ಜೀನು ಯಾವುದು ಎಂದು ಆಮ್ರಪಾಲಿ ಐದು ವರ್ಷದಿಂದ ಹೈದರಾಬಾದಿನ ಪ್ರಯೋಗಾಲಯದಲ್ಲಿ ಕಣ್ಣು ಕೀಲಿಸಿ ಕೂತವಳು. ಆ ಜೀನಿನ ಬಾಯಿ ಕಟ್ಟಿದರೆ ಗ್ರಂಥಿ ಹುಟ್ಟುವುದೇ ಇಲ್ಲ. ಇಷ್ಟೆಲ್ಲ ಬಲ್ಲವಳಿಗೆ ಬಸವಕಲ್ಯಾಣದ ಹತ್ತಿರದ ಮೋರಖಂಡಿಯ ತನ್ನ ಮನೆಯ ಅಡುಗೆಕೋಣೆಯಲ್ಲಿ ಏನು ನಡೆದಿದೆ ಎಂದು ತಿಳಿಯಲಿಲ್ಲ ನೋಡಿ! ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕ ಸುಗಂಧಾಳಿಗೆ ಗಂಡು ಕೂಸು ಹುಟ್ಟಿತ್ತು. ಹುಮನಾಬಾದಿನ ಮಕ್ಕಳ ಡಾಕ್ಟರ್ ಮಹಜಬೀನ್ ಅದರ ಹಿಮ್ಮಡಿಯ ರಕ್ತ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಕೂಸಿಗೆ ಥೈರಾಯ್ಡ್ ಗ್ರಂಥಿಯೇ ಇಲ್ಲ ಎಂದರು. ಆ ಗ್ರಂಥಿಯ ಹಾರ್ಮೋನಿನ ಗುಳಿಗೆಯನ್ನು ದಿನಕ್ಕೊಂದರಂತೆ ಎದೆಹಾಲಿನಲ್ಲಿ ತೇಯ್ದು ಕೊಟ್ಟರೆ ಎಲ್ಲ ಮಕ್ಕಳಂತೆ ಬೆಳೆಯುತ್ತಾನೆ, ಕೊಡದಿದ್ದರೆ ಬುದ್ಧಿ ಬೆಳೆಯುವುದಿಲ್ಲ ಎಂದೂ ಹೇಳಿದರು.

ಎರಡು ವಾರದ ಮೇಲೆ ಮತ್ತೆ ರಕ್ತ ತೆಗೆದು ನೋಡಿದರೆ ಗುಣ ಕಂಡಿರಲಿಲ್ಲ. ಆಮ್ರಪಾಲಿ ಸಿಕ್ಕ ಬಸ್ಸು ಹಿಡಿದು ಊರಿಗೆ ಓಡಿ ಬಂದಳು. ನೀರಿಗೆ ಹಾರ್ಮೋನು ಬೆರೆಸಿದರೂ ಮೈಗೆ ಹತ್ತದ ಮೀನುಗಳನ್ನು ಅವಳು ಕಂಡಿದ್ದಳು. ಅಕ್ಕನ ಕೂಸೂ ಹಾಗೆಯೇ ಇದ್ದರೆ? ಈ ಅಂಜಿಕೆಯನ್ನು ಅವಳು ಯಾರ ಮುಂದೆಯೂ ಆಡಲಿಲ್ಲ.

ಬೆಳಗ್ಗೆ ಎದ್ದಾಗ ತಾಯಿ ಲಲಿತಾಬಾಯಿ, ಹಸುಗೂಸಿಗೆ ನೆಕ್ಕಿಸುವ ಬೇರು-ಕಾಯಿಗಳ ಮದ್ದು ತೇಯುವ ಗುಟ್ಟಿ ಕಲ್ಲಿನ ಮುಂದೆ ಕೂತಿದ್ದಳು. ಬಜೆ, ಜಾಯಿಕಾಯಿ, ಅಳಲೆಕಾಯಿಯ ಸಾಲಿನಲ್ಲೇ ಒಂದು ಬಿಳಿ ಗುಳಿಗೆ. ಅದನ್ನೂ ಕಲ್ಲಿನ ಮೇಲೆ ಮೆಲ್ಲಗೆ ಎರಡು ಸುತ್ತು ತಿರುವಿ, ಅರಿವೆಯಲ್ಲಿ ಸುತ್ತಿ ತೆಗೆದಿಟ್ಟಳು.

"ಅವ್ವಾ, ಏನ ಮಾಡಾಕತ್ತೀ?"

"ಕಾಣಸಲ್ಲೇನ? ಕೂಸಿಗಿ ಗುಟ್ಟಿ ತೇಯಾಕತ್ತೀನಿ. ಬಜಿ ಎರಡ ಸುತ್ತು, ಜಾಯಿಕಾಯಿ ಎರಡ ಸುತ್ತು, ಡಾಕ್ಟರ್ ಗುಳಿಗಿ ಎರಡ ಸುತ್ತು. ತೇಯ್ದು ಕೊಡ್ರಿ ಅಂತ ಅವರೇ ಹೇಳ್ಯಾರ."

"ಉಳದದ್ದು?"

"ನಾಳಿಗಿ. ಒಂದ ಗುಳಿಗಿ ಎಂಟ ದಿನ ಬರ್ತದ. ಹಸಿ ಕೂಸಿಗಿ ಪೂರಾ ಗುಳಿಗಿ ಯಾರರ ಹಾಕ್ತಾರೇನ?"

ಆಮ್ರಪಾಲಿಗೆ ಮೊದಲು ಸಿಟ್ಟು ನೆತ್ತಿಗೇರಿತು. ಮರುಗಳಿಗೆಯೇ ಹೋದ ಜೀವ ಬಂದಂತಾಗಿ, ತಾಯಿಯನ್ನು ಅಪ್ಪಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ಇದು ಔಷಧ ಹತ್ತದ ಕೂಸಲ್ಲ, ಔಷಧ ಸರಿಯಾಗಿ ಮುಟ್ಟದ ಕೂಸು! ಗುಟ್ಟಿ ಕಲ್ಲು ಅವತ್ತೇ ಅಟ್ಟ ಹತ್ತಿತು, ಅಂದಿನಿಂದ ದಿನಾ ಇಡೀ ಗುಳಿಗೆಯನ್ನು ಆಮ್ರಪಾಲಿಯೇ ಕೊಟ್ಟಳು.

ಮತ್ತೆರಡು ವಾರಕ್ಕೆ ತಾಯಿ ಮಕ್ಕಳು ಮೂವರೂ ಕೂಸನ್ನೆತ್ತಿಕೊಂಡು ಹುಮನಾಬಾದಿಗೆ ಹೋದಾಗ ಮಹಜಬೀನ್ ರಿಪೋರ್ಟು ನೋಡಿ ಮುಖ ಅರಳಿಸಿದರು. "ಎಲ್ಲಾ ಬರಾಬರ್ ಬಂದದ್ರಿ. ಜಲ್ದಿ ಹಿಡದೀರಿ, ಫಿಕರ್ ಮಾಡಬ್ಯಾಡ್ರಿ. ಗುಳಿಗಿ ಒಂದ ದಿನಾನೂ ಬಿಡಬ್ಯಾಡ್ರಿ, ಅಷ್ಟೇ."

ಬರುವಾಗ ಬಸ್ಸು ರಾಜೇಶ್ವರ ಊರು ದಾಟಿತು. ಸುಗಂಧಾ ಕೂಸಿಗೆ ಹೊದಿಸಿದ ಸೆರಗು ಸರಿಮಾಡುತ್ತ, "ನನ್ನ ಹೊಟ್ಟ್ಯಾಗಿದ್ದಾಗೇ ಕಮ್ಮಿ ಬಿತ್ತಲ್ಲ ಆಮ್ರಪಾಲಿ, ನಾನೇ ಏನೋ ತಪ್ಪ ಮಾಡೀನಿ," ಎಂದಳು. ತಿಂಗಳಿಂದ ಅದನ್ನೇ ನುಂಗಿಕೊಂಡಿದ್ದಳು, ಪಾಪ.

"ಹುಚ್ಚಿ ಅದೀಯೇನಕ್ಕ! ಗ್ರಂಥಿ ಇಲ್ಲದ ಮೀನಮರಿನೂ ಮೊದಲ ನಾಕ ದಿನ ಚಂದಾಗೇ ಈಸ್ತದ. ಯಾಕ ಗೊತ್ತೇನ? ತಾಯಿ ಮೊದಲೇ ತನ್ನ ಹಾರ್ಮೋನು ಮೊಟ್ಟಿ ಒಳಗಿನ ಹಳದಿ ಬಂಡಾರದಾಗ ಬುತ್ತಿ ಕಟ್ಟಿ ಇಟ್ಟಿರ್ತಾಳ. ಇವನಿಗೂ ಒಂಬತ್ತ ತಿಂಗಳು ನಿನ್ನ ರಕ್ತದಾಗಿನ ಬುತ್ತಿನೇ ಕಾಯ್ದದ. ನೀ ಕಮ್ಮಿ ಮಾಡಿಲ್ಲ, ನೀನೇ ಉಳಸೀದಿ."

ಸುಗಂಧಾ ಬಸ್ಸಿನಲ್ಲಿ ಜನರಿದ್ದಾರೆ ಎನ್ನದೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾಗಿ, ಕಣ್ಣೊರೆಸಿಕೊಂಡು, ಬಸವಕಲ್ಯಾಣ ಬರುವವರೆಗೂ ಕೂಸಿಗೆ ಮುದ್ದಿಡುತ್ತ ಬಂದಳು. ಲಲಿತಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಎಲ್ಲ ಕೇಳಿಸಿಕೊಂಡಳು.

ಮರುದಿನ ಬೆಳಗ್ಗೆ ಕೂಸಿನ ಅಜ್ಜಿ ಲಲಿತಾಬಾಯಿಯೇ ಇಡೀ ಗುಳಿಗೆಯನ್ನು ಚಮಚದಲ್ಲಿ ಪುಡಿ ಮಾಡಿ, ಎದೆಹಾಲಿನಲ್ಲಿ ಕರಗಿಸಿ, ಕೂಸಿನ ಬಾಯಿಗೆ ಹಿಡಿದಳು.

"ಅವ್ವ ಕಟ್ಟಿದ ಬುತ್ತಿ ಮುಗೀತಪ್ಪಾ, ಇದು ಆಯಿ ಬುತ್ತಿ. ಪೂರಾ ತಿನ್ನು, ನಾಳಿಗಿ ಉಳಸಬ್ಯಾಡ."